ಅಟ್ಟದಿಂದ ಇಳಿದ ಮೊದಲ ತಿಂಗಳು: ಹಳೆಯ ಸಾಮಾನನ್ನು ಹೊಸ ಮನೆಗೆ ಒಗ್ಗಿಸುವ ಬಗೆ

"ಊರಿನ ಮನೆ ಕೆಡವುತ್ತಿದ್ದೇವೆ. ಹಂಡೆ, ಕಂಬ, ಒರಳು, ತಾತನ ಪೆಟ್ಟಿಗೆ ಎಲ್ಲ ಟೆಂಪೋದಲ್ಲಿ ತುಂಬಿಕೊಂಡು ತುಮಕೂರಿಗೆ ತಂದಿದ್ದೇವೆ. ಈಗ ಏನು ಮಾಡೋದು?" ಮಧುಗಿರಿಯಿಂದ ಮುಳಬಾಗಿಲಿನವರೆಗೆ ಎಲ್ಲರೂ ಕೇಳುವುದು ಇದನ್ನೇ. ಒಂದು ಕಡೆ ಪಾಲಾಗಿರುತ್ತದೆ, ಇನ್ನೊಂದು ಕಡೆ ರಸ್ತೆ ಅಗಲವಾಗುತ್ತಿರುತ್ತದೆ, ಮತ್ತೊಂದು ಕಡೆ ಲೇಔಟು ಬರುತ್ತಿರುತ್ತದೆ.

ಉತ್ತರದ ಮುಕ್ಕಾಲು ಭಾಗ ಇಷ್ಟೇ: ಮೊದಲ ತಿಂಗಳು ಏನೂ ಮಾಡಬೇಡಿ. ಅರುವತ್ತು ಎಪ್ಪತ್ತು ವರ್ಷ ಅಟ್ಟದಲ್ಲಿ ಧೂಳು ತಿಂದುಕೊಂಡು ಗಟ್ಟಿಯಾಗಿದ್ದ ಸಾಮಾನು ಹಾಳಾಗುವುದು ಕೆಳಗಿಳಿದ ಎಂಟು ದಿನದಲ್ಲಿ. ಮರಕ್ಕೆ ಸ್ಯಾಂಡಿಂಗ್ ಮಷೀನು, ಹಿತ್ತಾಳೆಗೆ ಆಸಿಡ್ಡು, ಒರಳಿಗೆ ಬಣ್ಣ. ಈ ಮೂರನ್ನೂ ಆಮೇಲೆ ಹಿಂದಕ್ಕೆ ತೆಗೆದುಕೊಳ್ಳಲಾಗದು. ಕೆಳಗಿನ ಹಂತಗಳು ಇದೇ ಲೆಕ್ಕದ ಮೇಲೆ ಇವೆ.

ಕೈಯಲ್ಲಿ ಇರಲಿ: ಮೃದುವಾದ ಬ್ರಷ್ಷು ಎರಡು, ಹಳೆಯ ಹತ್ತಿ ಪಂಚೆಯ ತುಂಡುಗಳು, ಒಂದು ಅಯಸ್ಕಾಂತ, ಟಾರ್ಚು, ಸೀಮೆಸುಣ್ಣ, ಅಳತೆ ಟೇಪು, ಸೂಜಿಯ ಸಿರಿಂಜು, ಕೈಗವಸು, ಮಾಸ್ಕು. ಮಷೀನು ಯಾವುದೂ ಬೇಡ.

1. ಕೆಡವುವ ಮೊದಲು ಗುರುತು ಹಾಕಿ

ಹಳೆಯ ತೊಟ್ಟಿಮನೆಯ ಕಂಬ, ಬೋದಿಗೆ (ಕಂಬದ ತಲೆಯ ಮೇಲೆ ತೊಲೆ ಹೊರುವ ಮರ), ತೊಲೆ ಇವನ್ನು ಮೊಳೆ ಹೊಡೆದು ಕೂಡಿಸಿರುವುದಿಲ್ಲ, ಕೊರೆದು ಕೂರಿಸಿ ಬೆಣೆ ಹಾಕಿರುತ್ತಾರೆ. ಆದ್ದರಿಂದ ಜೆಸಿಬಿ ಬರುವ ಮೊದಲು ಬಡಗಿ ಬರಬೇಕು. ಪ್ರತಿ ಕಂಬಕ್ಕೂ ಅದರ ಬೋದಿಗೆಗೂ ಒಂದೇ ನಂಬರು ಬರೆಯಿರಿ. ಯಾವ ಮುಖ ತೊಟ್ಟಿಯ ಕಡೆಗಿತ್ತು ಎಂದು ಬಾಣದ ಗುರುತು ಹಾಕಿ. ಒಂದರ ಬೋದಿಗೆ ಇನ್ನೊಂದಕ್ಕೆ ಅರ್ಧ ಇಂಚು ಕೂಡುವುದಿಲ್ಲ. ಆಗ ಬಡಗಿ ಉಳಿ ಹಿಡಿಯುತ್ತಾನೆ, ಹಳೆಯ ಕೆತ್ತನೆ ಹೋಗುತ್ತದೆ.

ಬಾಗಿಲನ್ನು ವಾಡದ (ಚೌಕಟ್ಟಿನ) ಸಮೇತ ತೆಗೆಸಿ. ಹಳೆಯ ಕದಗಳಲ್ಲಿ ಎಷ್ಟೋ ಕೀಲಿನ ಮೇಲೆ ನಿಂತಿರುವುದಿಲ್ಲ, ಮೇಲೆ ಕೆಳಗೆ ಗೂಟವಿದ್ದು ಹೊಸ್ತಿಲಿನ ಕುಳಿಯಲ್ಲಿ ತಿರುಗುತ್ತವೆ. ಕದ ಮಾತ್ರ ತಂದರೆ ಅದನ್ನು ನಿಲ್ಲಿಸಲು ಗೂಟ ಕತ್ತರಿಸಿ ಕೀಲು ಹಾಕಬೇಕಾಗುತ್ತದೆ. ಅಗುಳಿ, ಚಿಲಕ, ಬೀಗದ ಕೈ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ಅದೇ ಬಾಗಿಲಿಗೆ ಕಟ್ಟಿ.

2. ಕಾನೂನು ಒಂದು ಸಲ ಓದಿಕೊಳ್ಳಿ

ಪುರಾತನ ವಸ್ತುಗಳ ಕಾಯ್ದೆ 1972ರದ್ದು, ಜಾರಿಗೆ ಬಂದದ್ದು 1976ರಲ್ಲಿ. ನೂರು ವರ್ಷ ದಾಟಿದ ಶಿಲ್ಪ, ಚಿತ್ರ, ನಾಣ್ಯ ಮುಂತಾದವು, ಎಪ್ಪತ್ತೈದು ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳು ಇದರ ವ್ಯಾಪ್ತಿಗೆ ಬರುತ್ತವೆ. ಇವುಗಳಲ್ಲಿ ವಿಗ್ರಹ, ವರ್ಣಚಿತ್ರ, ಚಿತ್ರವಿರುವ ಹಸ್ತಪ್ರತಿ ಮನೆಯಲ್ಲಿದ್ದರೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ನೋಂದಣಾಧಿಕಾರಿಯ ಬಳಿ ನೋಂದಾಯಿಸಬೇಕು. ಅಂಥದ್ದನ್ನು ಅಮೆರಿಕದಲ್ಲಿರುವ ಮಗನಿಗೆ ಕಳಿಸುವಂತಿಲ್ಲ. ಅಜ್ಜಿಯ ಹಂಡೆ, ಚೆಂಬು, ಬಟ್ಟೆ ಪೆಟ್ಟಿಗೆಗೆ ಈ ತಲೆನೋವು ಸಾಮಾನ್ಯವಾಗಿ ಇಲ್ಲ.

ಗೋಡೆ ಒಡೆಯುವಾಗ ಕುಡಿಕೆಯಲ್ಲಿ ನಾಣ್ಯವೋ ಒಡವೆಯೋ ಸಿಕ್ಕರೆ ಅದು ನಿಧಿ, ಜಿಲ್ಲಾಧಿಕಾರಿಗೆ ತಿಳಿಸಬೇಕು. ಜಿಂಕೆ ಕೊಂಬು, ಹುಲಿ ಚರ್ಮ, ದಂತದ ಕುಸುರಿ ಇದ್ದರೆ ವನ್ಯಜೀವಿ ಕಾಯ್ದೆ ಬರುತ್ತದೆ: ಮಾರುವಂತಿಲ್ಲ, ಪ್ರಮಾಣಪತ್ರವಿಲ್ಲದೆ ಇಟ್ಟುಕೊಳ್ಳುವುದೂ ತಪ್ಪು. ಇನ್ನು ಹೊಲದ ಬದುವಿನಲ್ಲಿರುವ ವೀರಗಲ್ಲನ್ನೋ ಕೆರೆ ಏರಿಯ ನಾಗರಕಲ್ಲನ್ನೋ ಅಂಗಳದ ಅಂದಕ್ಕೆ ತರುವವರಿದ್ದಾರೆ. ಕೋಲಾರ ಜಿಲ್ಲೆಯಲ್ಲಿ ವೀರಗಲ್ಲಿಗೆ ಬರವಿಲ್ಲ ಎಂಬುದು ನಿಜ, ಆದರೆ ಅದು ನಿಮ್ಮದಲ್ಲ. ಇದ್ದಲ್ಲೇ ಬಿಡಿ.

3. ಯಾವುದು ಏನು ಎಂದು ತಿಳಿದುಕೊಳ್ಳಿ

ತೊಳೆಯುವ ಮೊದಲೇ ಇದು ಮುಗಿಯಬೇಕು, ಏಕೆಂದರೆ ಹಿತ್ತಾಳೆಗೆ ಆಗುವ ಉಪಚಾರ ಕಂಚಿಗೆ ಆಗುವುದಿಲ್ಲ.

ಅಯಸ್ಕಾಂತ ಅಂಟಿದರೆ ಒಳಗಿರುವುದು ಕಬ್ಬಿಣ, ಮೇಲಿರುವುದು ಹಿತ್ತಾಳೆ ಲೇಪ. ತಿಕ್ಕಿದಷ್ಟೂ ಲೇಪ ಹೋಗುತ್ತದೆ. ಅಂಟದಿದ್ದರೆ ಬೆರಳ ಗೆಣ್ಣಿನಿಂದ ತಟ್ಟಿ. ಕಂಚಿನ ಗಂಗಾಳ ಗಂಟೆಯಂತೆ ಉದ್ದಕ್ಕೆ ಅನುರಣಿಸುತ್ತದೆ, ಹಿತ್ತಾಳೆಯದು ಬೇಗ ಸಾಯುತ್ತದೆ. ಕಂಚಿನಲ್ಲಿ ತಾಮ್ರದ ಜೊತೆ ತವರ ಇದೆ, ಹಿತ್ತಾಳೆಯಲ್ಲಿ ಸತು ಇದೆ. ಹಿತ್ತಾಳೆ ಬಿದ್ದರೆ ನೆಗ್ಗುತ್ತದೆ, ಕಂಚು ಬಿದ್ದರೆ ಒಡೆಯುತ್ತದೆ. ಅನುರಣನ ಬಾರದೆ ಕರಕರ ಸದ್ದು ಬಂದರೆ ಕಣ್ಣಿಗೆ ಕಾಣದ ಬಿರುಕಿದೆ ಎಂದೇ ತಿಳಿಯಿರಿ.

ಮರದ ಮೇಲಿನ ಪಾಲಿಶ್ ಯಾವುದು ಎಂದು ತಿಳಿಯಲು ಕಾಣದ ಮೂಲೆಯಲ್ಲಿ ಹತ್ತಿಗೆ ಎರಡು ಹನಿ ಸ್ಪಿರಿಟ್ ಹಾಕಿ ಒತ್ತಿ ಹಿಡಿಯಿರಿ. ಅಂಟಂಟಾಗಿ ಕಂದುಬಣ್ಣ ಬಿಟ್ಟರೆ ಅದು ಅರಗಿನ ಪಾಲಿಶ್, ಬಡಗಿಗಳು ಚಪಡ ಅನ್ನುತ್ತಾರಲ್ಲ, ಅದು. ಏನೂ ಆಗದಿದ್ದರೆ ಮೆಲಮೈನೋ ಪಿಯುವೋ (ಪಾಲಿಯುರೆಥೇನ್) ಇರಬೇಕು, ಅಂದರೆ ಆ ಲೇಪ ಇತ್ತೀಚಿನದು.

ಸೇರು, ಪಾವು, ಚಟಾಕು ಸಿಕ್ಕಿದ್ದರೆ ಕಾಲ ಊಹಿಸುವುದು ಸುಲಭ. 1956ರ ತೂಕ ಅಳತೆ ಕಾಯ್ದೆ ಬಂದ ಮೇಲೆ ಮೆಟ್ರಿಕ್ ಪದ್ಧತಿ ಬಂತು, ಸರ್ಕಾರಿ ಲೆಕ್ಕದಿಂದ ಸೇರು ಹೋಯಿತು. ಬಳಸಿ ಸವೆದ ಅಂಚಿರುವ ಸೇರು ಹೆಚ್ಚಾಗಿ ಅದಕ್ಕೂ ಹಿಂದಿನದು.

4. ಮರ: ಮೂರು ವಾರ ದೂರ ಇಡಿ

ಹೆಚ್ಚು ಪ್ರಶ್ನೆ ಬರುವುದೂ ಹೆಚ್ಚು ಹಾಳಾಗುವುದೂ ಮರವೇ. ಮಣ್ಣುಗೋಡೆಯ ಮನೆಯಲ್ಲಿದ್ದ ಪೆಟ್ಟಿಗೆಯನ್ನು ಫ್ಯಾನು ತಿರುಗುವ ಆರ್‌ಸಿಸಿ ಮನೆಗೆ ತಂದ ಕೂಡಲೇ ಅದರ ಒಳಗಿನ ತೇವ ಬೇಗ ಬೇಗ ಆರುತ್ತದೆ. ನಮ್ಮ ಕಡೆ ಫೆಬ್ರವರಿಯಿಂದ ಮೇವರೆಗೆ ಗಾಳಿ ಒಣಗಿರುತ್ತದೆ, ಆಗಂತೂ ಹಲಗೆ ಪಟ್ ಎಂದು ಸೀಳುತ್ತದೆ. ಬಿಸಿಲು ಬೀಳದ, ಫ್ಯಾನಿಲ್ಲದ ಕೋಣೆಯಲ್ಲಿ, ನೆಲದಿಂದ ಎರಡು ಇಂಚು ಎತ್ತರಿಸಿ, ಗೋಡೆಯಿಂದ ಮೂರು ಇಂಚು ದೂರದಲ್ಲಿ ಮೂರು ವಾರ ಇಡಿ. ಹುಳು ಇದ್ದರೆ ಬೇರೆ ಪೀಠೋಪಕರಣಕ್ಕೆ ಹರಡದಂತೆ ಬೇರೆ ಕೋಣೆಯಾದರೆ ಒಳ್ಳೆಯದು.

ಕೆಳಗೆ ಕಪ್ಪು ಕಾಗದ ಹಾಸಿ. ಬೆಳಿಗ್ಗೆ ಅದರ ಮೇಲೆ ರಾಗಿಹಿಟ್ಟಿಗಿಂತ ನುಣ್ಣನೆಯ ಬಿಳಿ ಪುಡಿ ಬಿದ್ದಿದ್ದರೆ ಕೊರೆಹುಳು ಜೀವಂತವಾಗಿದೆ. ರಂಧ್ರಗಳು ಮಾತ್ರ ಇದ್ದು ಪುಡಿ ಬೀಳದಿದ್ದರೆ ಅದು ಹಳೆಯ ಕಥೆ, ಔಷಧಿ ಬೇಡ. ಮಣ್ಣಿನ ಗೆರೆ ಕಂಡರೆ ಗೆದ್ದಲು. ಗೆದ್ದಲಿನ ಮೂಲ ನಿಮ್ಮ ನೆಲದಲ್ಲಿದೆ, ಪೆಟ್ಟಿಗೆಯಲ್ಲಲ್ಲ. ಪೆಟ್ಟಿಗೆಗೆ ಎಷ್ಟು ಔಷಧಿ ಹೊಡೆದರೂ ಪ್ರಯೋಜನವಿಲ್ಲ.

ಕೊರೆಹುಳು ಹೆಚ್ಚಾಗಿ ಹಿಡಿಯುವುದು ಚೇಗಿನ (ಮರದ ನಡುವಿನ ಗಟ್ಟಿ ತಿರುಳಿನ) ಹೊರಗಿನ ಬಿಳಿ ಪದರವನ್ನು. ಪಾಲಿಶ್ ಇಲ್ಲದ ಬರಿಯ ಮರಕ್ಕೆ ಈ ದ್ರಾವಣ ಸಾಕು: ಒಂದು ಲೀಟರ್ ಬಿಸಿನೀರು, 60 ಗ್ರಾಂ ಬಿಳಿಗಾರ, 40 ಗ್ರಾಂ ಬೋರಿಕ್ ಪುಡಿ (ಕೇರಂ ಬೋರ್ಡಿಗೆ ಹಾಕುತ್ತಾರಲ್ಲ, ಅದೇ). ಪೂರ್ತಿ ಕರಗಿದ ಮೇಲೆ ಬ್ರಷ್ಷಿನಲ್ಲಿ ಹಚ್ಚಿ, ಪ್ರತಿ ರಂಧ್ರಕ್ಕೂ ಸಿರಿಂಜಿನಲ್ಲಿ ಬಿಡಿ. ದಿನ ಬಿಟ್ಟು ದಿನ ಮೂರು ಸಲ. ಹೊಟ್ಟೆಗೆ ಹೋದರೆ ವಿಷ, ಮಕ್ಕಳಿಂದ ದೂರವಿಡಿ. ರೊಟ್ಟಿ ಮಣೆ, ಮರಿಗೆಯಂಥ ಅಡುಗೆ ಸಾಮಾನಿಗೆ ಹಚ್ಚಬೇಡಿ. ಅಂಥ ಸಣ್ಣ ಸಾಮಾನನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಗಾಳಿಯಾಡದಂತೆ ಸುತ್ತಿ ಡೀಪ್ ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಸುತ್ತಿದ ಹಾಳೆ ಬಿಚ್ಚಬೇಡಿ, ಬಿಚ್ಚಿದರೆ ಮರದ ಮೇಲೆ ನೀರು ಕಟ್ಟುತ್ತದೆ.

ಎಣ್ಣೆಯ ವಿಷಯ. ಬಾಗಿಲಿಗೆ ಹರಳೆಣ್ಣೆ, ಹೊಂಗೆಣ್ಣೆ, ಕಡಲೆಕಾಯಿ ಎಣ್ಣೆ ಸವರುವುದು ನಮ್ಮಲ್ಲಿ ವಾಡಿಕೆ. ಇವು ಒಣಗಿ ಗಟ್ಟಿಯಾಗುವ ಎಣ್ಣೆಗಳಲ್ಲ. ನಮ್ಮ ಕೆಂಪು ಮಣ್ಣಿನ ಧೂಳು ಅದರ ಮೇಲೆ ಕೂತು, ಎರಡೇ ವರ್ಷದಲ್ಲಿ ಕೆತ್ತನೆಯೊಳಗೆ ಜಿಡ್ಡಿನ ಮೇಣದಂತೆ ಕಟ್ಟುತ್ತದೆ. ಬೇಕಾದದ್ದು ಕಾಯಿಸಿದ ಅಗಸೆ ಎಣ್ಣೆ, ಪೇಂಟ್ ಅಂಗಡಿಯಲ್ಲಿ ಡಬಲ್ ಬಾಯ್ಲ್ಡ್ ಲಿನ್‌ಸೀಡ್ ಎಂದರೆ ಕೊಡುತ್ತಾರೆ. ಅಷ್ಟೇ ಅಳತೆಯ ಟರ್ಪೆಂಟೈನ್ ಬೆರೆಸಿ ತೆಳ್ಳಗೆ ಹಚ್ಚಿ, ಇಪ್ಪತ್ತು ನಿಮಿಷಕ್ಕೆ ಉಳಿದದ್ದನ್ನೆಲ್ಲ ಒರೆಸಿ ತೆಗೆಯಿರಿ. ಎರಡು ದಿನ ಬಿಟ್ಟು ಇನ್ನೊಂದು ಸಲ. ಅರಗಿನ ಪಾಲಿಶ್ ಇರುವ ಮರಕ್ಕೆ ಯಾವ ಎಣ್ಣೆಯೂ ಬೇಡ, ಒಣಬಟ್ಟೆ ಸಾಕು.

ಎಚ್ಚರ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಈ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯಲ್ಲಿ ಆ ಶಾಖ ಹೊರಗೆ ಹೋಗದೆ ಬೆಂಕಿ ತಾನಾಗಿ ಹತ್ತಿಕೊಳ್ಳುತ್ತದೆ. ಬಟ್ಟೆಯನ್ನು ನೀರಿನ ಬಕೆಟ್ಟಿನಲ್ಲಿ ಅದ್ದಿಡಿ, ಇಲ್ಲವೇ ಹೊರಗೆ ತಂತಿಯ ಮೇಲೆ ಬಿಡಿಸಿ ಹರವಿ.

ಬೇಸಿಗೆಯಲ್ಲಿ ಬಾಯಿಬಿಟ್ಟ ಸೀಳಿಗೆ ಲಪ್ಪ (ಪುಟ್ಟಿ) ತುಂಬಬೇಡಿ. ಆಗಸ್ಟಿನಲ್ಲಿ ಮರ ಹಿಗ್ಗಿದಾಗ ಲಪ್ಪ ಜಾಗ ಕೊಡುವುದಿಲ್ಲ, ಪಕ್ಕದಲ್ಲಿ ಹೊಸ ಸೀಳು ಬರುತ್ತದೆ. ಹಳೆಯ ಬಣ್ಣವನ್ನು ಒಣಗಿದ್ದಂತೆಯೇ ಉಜ್ಜಿ ತೆಗೆಯಲೂ ಬೇಡಿ, ಅದರಲ್ಲಿ ಸೀಸ ಇರಬಹುದು. ಆ ಧೂಳು ಮಕ್ಕಳಿಗೆ ಕೆಟ್ಟದ್ದು.

5. ಹಿತ್ತಾಳೆ, ತಾಮ್ರ, ಕಂಚು

ಹೊಳೆಯಲೇಬೇಕೆಂದಿಲ್ಲ. ಕಂದುಬಣ್ಣದ ಪದರ ಲೋಹವನ್ನು ಕಾಯುತ್ತದೆ. ಹಸಿರು ಕಿಲುಬನ್ನು ಮಾತ್ರ ಬಿಡಬಾರದು, ಅದು ಒಳಕ್ಕೆ ತಿನ್ನುತ್ತದೆ, ಹೊಟ್ಟೆಗೂ ವಿಷ. ಹಂಡೆಯ ತಳದ ಮಸಿಯನ್ನೂ ಬಿಟ್ಟುಬಿಡಿ ಎಂಬುದು ನನ್ನ ಅಭಿಪ್ರಾಯ. ಒಲೆ ಉರಿದ ಗುರುತು ಹೋದ ಹಂಡೆಗೂ ಅಂಗಡಿಯ ಹೊಸ ಹಂಡೆಗೂ ವ್ಯತ್ಯಾಸವೇ ಉಳಿಯುವುದಿಲ್ಲ.

ಹೊಳೆಸಲೇಬೇಕೆಂದರೆ: ನಿಂಬೆ ಗಾತ್ರದ ಹುಣಸೆಹಣ್ಣನ್ನು ಒಂದು ಲೋಟ ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ ಕಿವುಚಿ, ಒಂದು ಚಮಚ ಉಪ್ಪು ಹಾಕಿ. ಅಂಗೈ ಅಗಲದಷ್ಟು ಜಾಗಕ್ಕೆ ಹಚ್ಚಿ, ಎರಡು ನಿಮಿಷ ತಿಕ್ಕಿ, ತಕ್ಷಣ ತೊಳೆದು ಮುಂದಿನ ಜಾಗಕ್ಕೆ ಹೋಗಿ. ಹುಣಸೆ ಬಳಿದು ರಾತ್ರಿ ಬಿಡುವುದು ಸಾಮಾನ್ಯ ತಪ್ಪು. ಹುಳಿ ಹಿತ್ತಾಳೆಯೊಳಗಿನ ಸತುವನ್ನು ಕರಗಿಸಿ ತಾಮ್ರವನ್ನು ಉಳಿಸುತ್ತದೆ, ಬೆಳಿಗ್ಗೆ ಪಾತ್ರೆಯ ಮೇಲೆ ಗುಲಾಬಿ ಕಲೆಗಳು. ಅವು ತೊಳೆದರೆ ಹೋಗುವುದಿಲ್ಲ. ಆಸಿಡ್ಡು ಅದನ್ನೇ ಎರಡು ನಿಮಿಷದಲ್ಲಿ ಮಾಡುತ್ತದೆ.

ಕೊನೆಯ ನೀರು ಬೋರ್‌ವೆಲ್ಲಿನದಾದರೆ ಬಿಳಿ ಚುಕ್ಕೆ ನಿಶ್ಚಿತ. ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳ ನೀರಿನ ಗಡಸುತನ ನಿಮಗೆ ಗೊತ್ತೇ ಇದೆ, ಗೀಸರಿನ ಕಾಯಿಲ್ ನೋಡಿದರೆ ಸಾಕು. ಕೊನೆಗೊಮ್ಮೆ ಮಳೆನೀರಿನಲ್ಲೋ ಫಿಲ್ಟರ್ ನೀರಿನಲ್ಲೋ ಅದ್ದಿ, ಆಗಲೇ ಒರೆಸಿ, ಹತ್ತು ನಿಮಿಷ ಬಿಸಿಲಿಗಿಡಿ. ಬೆಚ್ಚಗಿರುವಾಗಲೇ ಜೇನುಮೇಣವನ್ನು ಕಂಡೂ ಕಾಣದಷ್ಟು ತೆಳ್ಳಗೆ ಸವರಿ ಬಟ್ಟೆಯಲ್ಲಿ ಉಜ್ಜಿದರೆ ಹೊಳಪು ಹೆಚ್ಚು ದಿನ ನಿಲ್ಲುತ್ತದೆ.

ಹಂಡೆಯಲ್ಲಿ ಗಿಡ ನೆಡುವುದು ಈಗಿನ ಶೋಕಿ. ನೇರವಾಗಿ ಮಣ್ಣು ತುಂಬಬೇಡಿ. ಗೊಬ್ಬರ, ಯೂರಿಯಾದಿಂದ ಹೊರಡುವ ಅಮೋನಿಯಾ ಹಿತ್ತಾಳೆಯನ್ನು ಬಿರುಕು ಬಿಡಿಸುತ್ತದೆ, ಅದರಲ್ಲೂ ಬಡಿದು ಮಾಡಿದ ಪಾತ್ರೆಯ ಕಂಠದಲ್ಲಿ. ಒಳಗೆ ಒಂದು ಇಂಚು ಜಲ್ಲಿ ಹಾಕಿ, ಅದರ ಮೇಲೆ ಪ್ಲಾಸ್ಟಿಕ್ ಕುಂಡ ಇಡಿ. ನೀರು ಹಾಕಲು ಕುಂಡವನ್ನು ಹೊರತೆಗೆಯಿರಿ.

ಅಡುಗೆಗೆ ಬಳಸುವುದಾದರೆ ಕಲಾಯಿ (ಒಳಮೈಗೆ ತವರದ ಲೇಪ) ಆಗಲೇಬೇಕು. ಹುಳಿ, ಮಜ್ಜಿಗೆ, ಸಾರು ಬರಿಯ ಹಿತ್ತಾಳೆಯಲ್ಲಿ ಕೂಡದು. ಕಲಾಯಿಯವನು ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ತವರ ಸವರಿ ಹತ್ತಿಯಲ್ಲಿ ಬಳಿಯುತ್ತಾನೆ. ತವರಕ್ಕೆ ಸೀಸ ಬೆರೆಸಿದರೆ ಅಗ್ಗ, ಅದಕ್ಕೇ ಎದುರಿಗೆ ನಿಂತು ಮಾಡಿಸಿ. ಆದ ಮೇಲೆ ಬಿಳಿ ಕಾಗದವನ್ನು ಒಳಮೈಗೆ ಗಟ್ಟಿಯಾಗಿ ಉಜ್ಜಿ ನೋಡಿ, ಸೀಸದಕಡ್ಡಿಯಂಥ ಬೂದು ಗೆರೆ ಬಂದರೆ ಆ ಪಾತ್ರೆ ಅಡುಗೆಗೆ ಬೇಡ. ತವರ ಕರಗುವುದು 232 ಡಿಗ್ರಿಗೆ. ಖಾಲಿ ಪಾತ್ರೆಯನ್ನು ಗ್ಯಾಸಿನ ಮೇಲಿಟ್ಟು ಒಗ್ಗರಣೆಗೆ ಕಾಯಿಸಿದರೆ ಕಲಾಯಿ ಅಲ್ಲೇ ಹನಿಗಟ್ಟುತ್ತದೆ.

6. ಒರಳು, ಬೀಸುವ ಕಲ್ಲು

ತೂಕ ಮೊದಲು ಲೆಕ್ಕ ಹಾಕಿ. ನಮ್ಮ ಕಡೆಯ ಗಟ್ಟಿ ಕಲ್ಲು ಒಂದು ಘನ ಅಡಿಗೆ ಸುಮಾರು 75 ಕೆಜಿ. ಎರಡಡಿ ಚೌಕ, ಒಂದಡಿ ಎತ್ತರದ ಒರಳು ಗುಂಡಿ ಕಳೆದರೂ 250 ಕೆಜಿ ದಾಟುತ್ತದೆ. ವಾಸದ ಮನೆಯ ಮಹಡಿಯ ನೆಲವನ್ನು ಸಾಮಾನ್ಯವಾಗಿ ಚದರ ಮೀಟರಿಗೆ 200 ಕೆಜಿ ಹೊರೆ ಲೆಕ್ಕದಲ್ಲಿ ಕಟ್ಟಿರುತ್ತಾರೆ. ನೆಲಮಹಡಿಯಲ್ಲಿ ಚಿಂತೆಯಿಲ್ಲ. ಮಹಡಿಯಲ್ಲಾದರೆ ಹಾಲಿನ ನಡುವೆ ಬೇಡ, ಬಾಲ್ಕನಿಯ ತುದಿ ಬೇಡವೇ ಬೇಡ. ಇಂಜಿನಿಯರನ್ನು ಕೇಳಿ ಗೋಡೆಯ ಪಕ್ಕ, ತೊಲೆಯ ಮೇಲೆ ಇಡಿಸಿ.

ಶುಚಿಗೆ ನೀರು, ತೆಂಗಿನ ನಾರು ಸಾಕು. ಆಸಿಡ್ ಹಾಕಿದರೆ ಕಲ್ಲಿನೊಳಗಿನ ಕಬ್ಬಿಣದ ಅಂಶ ತುಕ್ಕಾಗಿ ಹಳದಿ ಕಲೆ ಏಳುತ್ತದೆ. ಒರಳಿನಲ್ಲಿ ನೀರು ತುಂಬಿ ಹೂ ತೇಲಿಬಿಡುವವರು ವಾರಕ್ಕೆರಡು ಸಲ ನೀರು ಚೆಲ್ಲಿ ಗುಂಡಿಯನ್ನು ಉಜ್ಜಿ. ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರಲು ಒಂದು ವಾರ, ಹತ್ತು ದಿನ ಸಾಕು.

7. ಚಂದ್ರಿಕೆ ಮತ್ತು ಹಳೆಯ ಪಟಗಳು

ಶಿಡ್ಲಘಟ್ಟ, ಚಿಂತಾಮಣಿ ಕಡೆ ರೇಷ್ಮೆ ಹುಳು ಗೂಡು ಕಟ್ಟುತ್ತಿದ್ದ ಬಿದಿರಿನ ಚಂದ್ರಿಕೆಗಳು ಹಿತ್ತಲಿನಲ್ಲಿ ಒರಗಿ ಬಿದ್ದಿವೆ, ಅದೇ ಕೆಲಸಕ್ಕೆ ಮಡಚಿಡುವ ಪ್ಲಾಸ್ಟಿಕ್ ನೇತ್ರಿಕೆ ಬಂದ ಮೇಲೆ ಕೇಳುವವರು ಕಡಿಮೆ. ಆರಡಿಗೆ ನಾಲ್ಕಡಿ, ಸುರುಳಿ ಸುತ್ತಿದ ಬಿದಿರಿನ ಪಟ್ಟಿ. ಗೋಡೆಗೆ ಇದಕ್ಕಿಂತ ಒಪ್ಪುವ ಸಾಮಾನು ಈ ಸೀಮೆಯಲ್ಲಿ ಇನ್ನೊಂದಿಲ್ಲ, ದುಡ್ಡೂ ಹೆಚ್ಚಿಲ್ಲ. ಹುಳುಮನೆಯ ಫಾರ್ಮಲಿನ್, ಬ್ಲೀಚಿಂಗ್ ವಾಸನೆ ಇರುತ್ತದೆ: ಎರಡು ಸಲ ತೊಳೆದು ನಾಲ್ಕು ದಿನ ಬಿಸಿಲಿಗೆ ಹಾಕಿ, ಸಿಕ್ಕಿಕೊಂಡ ರೇಷ್ಮೆಯ ಎಳೆಯನ್ನು ಒಣಬ್ರಷ್ಷಿನಲ್ಲಿ ತೆಗೆಯಿರಿ. ಬಿದಿರಿಗೆ ಕೊರೆಹುಳು ಬಲು ಇಷ್ಟ, ನಾಲ್ಕನೇ ಹಂತದ ದ್ರಾವಣ ಇದಕ್ಕೂ ಆಗುತ್ತದೆ. ಹಿಂದೆ ಬಲ್ಬು ಹಾಕುವುದಾದರೆ ಎಲ್‌ಇಡಿ ಮಾತ್ರ.

ದೇವರ ಪಟ, ಮೈಸೂರು ಶೈಲಿಯ ಚಿತ್ರ ಇದ್ದರೆ ಗಾಜಿನ ಮೇಲ್ಮೈ ಬಿಟ್ಟು ಬೇರೆಲ್ಲೂ ಒದ್ದೆಬಟ್ಟೆ ತಾಗಿಸಬೇಡಿ. ಚಿನ್ನದ ಹಾಳೆಯ ಕೆಳಗಿನ ಗೆಸ್ಸೊ (ಉಬ್ಬು ಕೆಲಸದ ಲೇಪ) ನೀರು ಕುಡಿದು ಕಳಚುತ್ತದೆ. ಬಚ್ಚಲಿನ ಪಕ್ಕದ ಗೋಡೆಗೂ ಬಿಸಿಲು ಬೀಳುವ ಗೋಡೆಗೂ ಬೇಡ.

8. ತೂಗುಮಣೆ, ತೂಗುದೀಪ

ಇಬ್ಬರು ಕೂತರೆ ಮಣೆ ಸೇರಿ 180 ಕೆಜಿ ಎಂದುಕೊಳ್ಳಿ. ತೂಗುವಾಗ ಹೊರೆ ಹೆಚ್ಚುತ್ತದೆ, ಆದ್ದರಿಂದ ಐದು ಪಟ್ಟು, ಅಂದರೆ 900 ಕೆಜಿ ತಡೆಯುವ ಕೊಕ್ಕೆಗಳು ಬೇಕು. ಸ್ಲ್ಯಾಬಿಗೆ ಡ್ರಿಲ್ ಹೊಡೆದು ಬೋಲ್ಟ್ ಕೂರಿಸುವುದು ಅಪಾಯ, ತೊಲೆಗೇ ಹಾಕಿಸಿ. ಹಳೆಯ ಹಿತ್ತಾಳೆ ಸರಪಳಿ ಎರಕದ್ದಾದರೆ ಮುನ್ಸೂಚನೆ ಕೊಡದೆ ತುಂಡಾಗುತ್ತದೆ. ಪ್ರತಿ ಕೊಂಡಿಯನ್ನೂ ಟಾರ್ಚಿನಲ್ಲಿ ನೋಡಿ, ಸವೆದ ಒಳಮೈ ಕಂಡರೆ ಅದನ್ನು ಅಂದಕ್ಕಷ್ಟೇ ಬಿಟ್ಟು, ಭಾರ ಹೊರಲು ಪಕ್ಕದಲ್ಲೇ ಸ್ಟೀಲ್ ಹಗ್ಗ ಬಿಡಿ.

ಲಾಟೀನಿಗೆ, ತೂಗುದೀಪಕ್ಕೆ ಕರೆಂಟು ಕೊಡುವಾಗ ಲೋಹದ ಮೈಗೆ ಅರ್ತ್ ತಂತಿ ಕಡ್ಡಾಯ. ತಂತಿ ಹಾಯುವ ತೂತಿಗೆ ರಬ್ಬರ್ ಬಳೆ ಹಾಕಿ, ಇಲ್ಲದಿದ್ದರೆ ತಗಡಿನ ಅಂಚು ತಂತಿಯನ್ನು ಕೊಯ್ಯುತ್ತದೆ. ಬಟ್ಟೆ ಸುತ್ತಿದ ಹಳೆಯ ತಂತಿ, ಕಪ್ಪು ಬೇಕಲೈಟ್ ಸ್ವಿಚ್ಚು ಗೋಡೆಗೆ ಅಂದವಾಗಿ ಕಾಣಲಿ, ಕರೆಂಟು ಮಾತ್ರ ಹಾಯಬಾರದು.

9. ಹೊರಗಿನಿಂದ ಕೊಳ್ಳುವಾಗ

ಕೆಜಿಎಫ್‌ನಲ್ಲಿ 1880ರಿಂದ ಜಾನ್ ಟೇಲರ್ ಕಂಪನಿ ಗಣಿ ನಡೆಸಿತು, 1902ಕ್ಕೇ ಶಿವನಸಮುದ್ರದಿಂದ ಕರೆಂಟು ಬಂತು, 2001ರಲ್ಲಿ ಗಣಿ ಮುಚ್ಚಿತು. ಅಲ್ಲಿನ ಬಂಗಲೆಗಳ ಸಾಮಾನು ಹೊರಬಂದಿರುವುದು ನಿಜ. ಆದರೆ ಮಾರುವವರ ಬಾಯಲ್ಲಿ ಈಗ ಪ್ರತಿ ತೇಗದ ಬೀರುವೂ "ಗಣಿ ದೊರೆ ಬಂಗಲೆಯದು". ಅಷ್ಟು ಬೀರು ಇಡಲು ಬಂಗಲೆಗಳು ಸಾಲುವುದಿಲ್ಲ. ಡ್ರಾಯರು ಎಳೆದು ತಿರುಗಿಸಿ ನೋಡಿ. ಪ್ಲಸ್ ತಲೆಯ ಸ್ಕ್ರೂ ಪೇಟೆಗೆ ಬಂದದ್ದೇ 1930ರ ದಶಕದಲ್ಲಿ. ಮೂಲೆಯ ಜೋಡಣೆಯ ಹಲ್ಲುಗಳು ಒಂದೊಂದು ಒಂದೊಂದು ಅಳತೆ ಇದ್ದರೆ ಕೈಕೆಲಸ, ಎಲ್ಲ ಒಂದೇ ಅಚ್ಚಿನಂತಿದ್ದರೆ ಯಂತ್ರದ್ದು. ಒಳಹಲಗೆಯ ಬಣ್ಣ ಹೊರಗಿನಷ್ಟೇ ಕಪ್ಪಗಿದ್ದರೆ ಬಣ್ಣ ಬಳಿದು ಹಳೆಯದಾಗಿಸಿದ್ದಾರೆ.

ವಿಗ್ರಹವೂ ಹಾಗೆಯೇ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದ ಶಿಲ್ಪಿಗಳು ಕಲ್ಲಿನಲ್ಲೂ ಲೋಹದಲ್ಲೂ ಒಳ್ಳೆಯ ಕೆಲಸ ಮಾಡುತ್ತಾರೆ. ಹೊಸದನ್ನು ಹೊಸದೆಂದೇ ಅವರಿಂದ ನೇರ ಕೊಂಡರೆ ಹಣಕ್ಕೆ ಮೋಸವಿಲ್ಲ, ಕಾಗದಪತ್ರದ ಕಾಟವೂ ಇಲ್ಲ. ಇನ್ನೂರು ವರ್ಷದ್ದು ಎಂದು ಹೇಳಿ ಮಾರುವವನ ಬಳಿ ನೋಂದಣಿ ಪತ್ರ, ವ್ಯಾಪಾರದ ಪರವಾನಗಿ ಕೇಳಿ. ಎರಡೂ ಇಲ್ಲ ಎಂದಾದರೆ ವಿಗ್ರಹ ಒಂದೋ ಸುಳ್ಳು, ಇಲ್ಲವೇ ಕದ್ದದ್ದು.

10. ಜೂನ್ ತಿಂಗಳ ತಪಾಸಣೆ

ಮೊದಲ ಮಳೆಗಳು ಬಿದ್ದ ವಾರ ಒಂದು ಭಾನುವಾರ ಇದಕ್ಕೆ ಇಡಿ. ಕೊರೆಹುಳು ರೆಕ್ಕೆ ಬಂದು ಹೊರಬೀಳುವುದು, ಗೆದ್ದಲು ಏಳುವುದು ಹೆಚ್ಚಾಗಿ ಬೇಸಿಗೆಯ ಕೊನೆ, ಮಳೆಯ ಮೊದಲಿಗೆ. ಪೆಟ್ಟಿಗೆ, ಬೀರುಗಳನ್ನು ಗೋಡೆಯಿಂದ ಒಂದಡಿ ಎಳೆದು ಹಿಂಬದಿಯನ್ನು ಟಾರ್ಚಿನಲ್ಲಿ ನೋಡಿ. ಕಾಲುಗಳ ತುದಿಯನ್ನು ಬೆರಳಲ್ಲಿ ಒತ್ತಿ. ದಿನವೂ ನೆಲ ಒರೆಸುವ ನೀರು ಕುಡಿದು ಮೊದಲು ಮೆತ್ತಗಾಗುವುದು ಆ ಒಂದು ಇಂಚು, ಕೆಳಗೆ ಕಡಪ ಕಲ್ಲಿನ ಚೂರು ಕೊಟ್ಟರೆ ಅದು ಉಳಿಯುತ್ತದೆ. ಪಟಗಳನ್ನು ಕೆಳಗಿಳಿಸಿ ಗೋಡೆ ಮುಟ್ಟಿ ನೋಡಿ, ತಣ್ಣಗೆ ಒದ್ದೆಯಿದ್ದರೆ ಜಾಗ ಬದಲಿಸಿ. ಎಲ್ಲದರ ಕೆಳಗೂ ಮತ್ತೆ ಕಪ್ಪು ಕಾಗದ ಹಾಸಿ ವಾರ ಬಿಡಿ. ಪುಡಿ ಕಂಡರೆ ಸಿರಿಂಜು ತೆಗೆದುಕೊಂಡು ನಾಲ್ಕನೇ ಹಂತಕ್ಕೆ ವಾಪಸ್ಸು.